ನೂರು ಗ್ರಾಂ, ಒಂದು ಕಿಲೊ, ಸೊನ್ನೆ ದಶಾಂಶ ಒಂದು: ಪ್ಯಾರಿಸ್ ಕುರಿತು ಓದುಗರ ಪ್ರಶ್ನೆಗಳು

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು 117 ಮಂದಿ. ತಂದದ್ದು ಒಂದು ಬೆಳ್ಳಿ, ಐದು ಕಂಚು. ಅದರ ಜೊತೆಗೆ ಆರು ನಾಲ್ಕನೇ ಸ್ಥಾನಗಳು. ಈ ಕೂಟದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು 'ಯಾಕೆ ತಪ್ಪಿತು' ಎಂದೇ ಕೇಳುತ್ತವೆ. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 107 ಪದಕ ಗೆದ್ದ ದೇಶ ಹತ್ತೇ ತಿಂಗಳಲ್ಲಿ ಆರಕ್ಕೆ ಇಳಿದದ್ದು ಹೇಗೆ? (ಹಾಸನ)

ಇಳಿಯಲಿಲ್ಲ. ಎರಡು ಕೂಟಗಳ ಅಳತೆಗೋಲೇ ಬೇರೆ. ಹಾಂಗ್‌ಝೌನಲ್ಲಿ ಬಂದ 28 ಚಿನ್ನವನ್ನು ಬಿಡಿಸಿ ನೋಡಿ: ಕಾಂಪೌಂಡ್ (ರಾಟೆ ಜೋಡಿಸಿದ ಬಿಲ್ಲಿನ) ಬಿಲ್ಲುಗಾರಿಕೆಯಲ್ಲಿ ಐದು, ಕ್ರಿಕೆಟ್, ಕಬಡ್ಡಿ, ಸ್ಕ್ವಾಷ್‌ನಲ್ಲಿ ತಲಾ ಎರಡು. ಈ ಹನ್ನೊಂದೂ ಪ್ಯಾರಿಸ್‌ನ ಪಟ್ಟಿಯಲ್ಲೇ ಇರಲಿಲ್ಲ. ಶೂಟಿಂಗ್‌ನಲ್ಲಿ ಅಲ್ಲಿ ಬಂದ 22 ಪದಕಗಳಲ್ಲಿ ಮೂವರ ತಂಡ ಸ್ಪರ್ಧೆಗಳ ಪಾಲು ದೊಡ್ಡದು. ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಗಳೂ ಇಲ್ಲ.

ಅಥ್ಲೆಟಿಕ್ಸ್‌ನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಅವಿನಾಶ್ ಸಾಬ್ಳೆ 3000 ಮೀಟರ್ ಸ್ಟೀಪಲ್‌ಚೇಸನ್ನು (ತಡೆಗಳನ್ನು ಹಾರುತ್ತ ಓಡುವ ಓಟ) ಹಾಂಗ್‌ಝೌನಲ್ಲಿ 8 ನಿಮಿಷ 19.50 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಪ್ಯಾರಿಸ್ ಫೈನಲ್‌ನಲ್ಲಿ ಅದಕ್ಕಿಂತ ಐದು ಸೆಕೆಂಡು ಬೇಗ, 8 ನಿಮಿಷ 14.18 ಸೆಕೆಂಡಿಗೆ ಮುಗಿಸಿದರು. ಸಿಕ್ಕಿದ್ದು 11ನೇ ಸ್ಥಾನ. ಈ ಓಟದ ಒಲಿಂಪಿಕ್ ಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಅವರು. ಪದಕಪಟ್ಟಿ ಇದನ್ನು ಕಾಣುವುದಿಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್, ಸ್ಕ್ವಾಷ್ ಮತ್ತು ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಗಳು ಸೇರಿವೆ. ಅಲ್ಲಿ ನಮ್ಮ ಸಂಖ್ಯೆ ಏರಿದರೆ, ಅದರಲ್ಲಿ ಒಂದಿಷ್ಟು ಪಟ್ಟಿ ಬದಲಾದ ಫಲ ಎಂಬುದನ್ನೂ ಆಗ ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆ: ವಿನೇಶ್ ಫೋಗಟ್ ಕುಸ್ತಿಯ 50 ಕೆ.ಜಿ. ವರ್ಗದಲ್ಲಿ ಸೆಮಿಫೈನಲ್‌ವರೆಗೆ ಸರಿಯಾದ ತೂಕದಲ್ಲೇ ಗೆದ್ದರು. ಮರುದಿನ 100 ಗ್ರಾಂ ಹೆಚ್ಚಾದರೆ ಬೆಳ್ಳಿಯನ್ನಾದರೂ ಕೊಡಬಹುದಿತ್ತಲ್ಲ? ನೀರು ಕುಡಿದ ಮಾತ್ರಕ್ಕೆ ತೂಕ ಅಷ್ಟೊಂದು ಏರುತ್ತದೆಯೇ? (ದಾವಣಗೆರೆ)

ಈ ಪ್ರಶ್ನೆ ಇಪ್ಪತ್ತಕ್ಕೂ ಹೆಚ್ಚು ಪತ್ರಗಳಲ್ಲಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

2018ಕ್ಕೆ ಮೊದಲು ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಹಿಂದಿನ ದಿನ ಸಂಜೆ ತೂಕ ನೋಡುತ್ತಿದ್ದರು. ಪೈಲ್ವಾನರು ನೀರು ಬಸಿದು ತೂಕಕ್ಕೆ ನಿಂತು, ರಾತ್ರಿಯಿಡೀ ಉಂಡು ಕುಡಿದು, ಮರುದಿನ ಐದಾರು ಕಿಲೊ ಭಾರವಾಗಿ ಅಖಾಡಕ್ಕೆ ಇಳಿಯಬಹುದಿತ್ತು. ಇದನ್ನು ತಡೆಯಲೆಂದೇ ಒಂದು ತೂಕವರ್ಗದ ಪಂದ್ಯಗಳನ್ನು ಎರಡು ದಿನಕ್ಕೆ ಹಂಚಿ, ಎರಡೂ ಬೆಳಿಗ್ಗೆ ತೂಕ ನೋಡುವ ನಿಯಮ ತಂದರು. ಮೊದಲ ದಿನ 30 ನಿಮಿಷ, ಎರಡನೇ ದಿನ 15 ನಿಮಿಷ. ಆ ಅವಧಿಯೊಳಗೆ ಎಷ್ಟು ಸಲ ಬೇಕಾದರೂ ತಕ್ಕಡಿ ಹತ್ತಬಹುದು, ಆದರೆ ಒಂದು ಗ್ರಾಂ ರಿಯಾಯಿತಿಯೂ ಇಲ್ಲ. ಎರಡರಲ್ಲಿ ಒಂದು ಬೆಳಿಗ್ಗೆ ತಪ್ಪಿದರೂ ಕುಸ್ತಿಪಟು ಇಡೀ ಸ್ಪರ್ಧೆಯಿಂದ ಹೊರಗೆ. ಪಟ್ಟಿಯ ಕೊನೆಯಲ್ಲಿ, ಸ್ಥಾನವೇ ಇಲ್ಲದೆ ಹೆಸರು ಬರುತ್ತದೆ. ಅಂದರೆ ಮೊದಲ ದಿನದ ಗೆಲುವುಗಳೂ ಲೆಕ್ಕಕ್ಕೆ ಉಳಿಯುವುದಿಲ್ಲ. ಬೆಳ್ಳಿ ಸಿಗದಿದ್ದುದು ಈ ಕಾರಣಕ್ಕೆ. ಸೆಮಿಫೈನಲ್‌ನಲ್ಲಿ ಅವರಿಗೆ ಸೋತಿದ್ದ ಕ್ಯೂಬಾದ ಗುಸ್ಮಾನ್ ಫೈನಲ್ ಆಡಿದರು. ಜಂಟಿ ಬೆಳ್ಳಿ ಕೋರಿದ್ದ ಮನವಿಯನ್ನು ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ತಳ್ಳಿಹಾಕಿತು. ನಮ್ಮ ಅಭಿಪ್ರಾಯ ಕೇಳಿದರೆ, ಎರಡನೇ ದಿನ ಅನರ್ಹಗೊಳಿಸುವುದು ಸರಿ. ಮೊದಲ ದಿನ ನಿಯಮದ ತೂಕದಲ್ಲಿ ಗೆದ್ದ ಪಂದ್ಯಗಳನ್ನೂ ಅಳಿಸಿಹಾಕುವುದು ಅತಿ ಕಠೋರ.

ಇನ್ನು ತೂಕ ಏರುವ ಮಾತು. ಪ್ಯಾರಿಸ್‌ಗೆ ಮೊದಲಿನ ಕೆಲವು ವರ್ಷ ವಿನೇಶ್ ಆಡಿದ್ದು 53 ಕೆ.ಜಿ. ವರ್ಗದಲ್ಲಿ. ಆ ವರ್ಗದ ಒಲಿಂಪಿಕ್ ಅರ್ಹತೆಯನ್ನು ಅಂತಿಮ್ ಪಂಘಾಲ್ ಮೊದಲೇ ಗಳಿಸಿದ್ದರಿಂದ ಇವರು 50ಕ್ಕೆ ಇಳಿಯಬೇಕಾಯಿತು. ಅಂಥ ದೇಹ 50ಕ್ಕೆ ಬಂದಾಗ ಕರಗಿಸಲು ಕೊಬ್ಬು ಉಳಿದಿರುವುದಿಲ್ಲ. ಕೊನೆಯ ಕಿಲೊಗಳೆಲ್ಲ ನೀರು. ಒಂದು ಲೀಟರ್ ಕುಡಿದರೆ ತಕ್ಕಡಿಯಲ್ಲಿ ಒಂದು ಕಿಲೊ ಏರುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಆಗಸ್ಟ್ 6ರಂದು ಅವರು ಟೋಕಿಯೊ ಚಾಂಪಿಯನ್ ಯುಯಿ ಸುಸಾಕಿ ಸೇರಿ ಮೂವರನ್ನು ಮಣಿಸಿದರು. ಮೂರು ಕುಸ್ತಿ ಆಡಬೇಕಾದರೆ ನೀರು, ಉಪ್ಪು, ಪಿಷ್ಟ ಒಳಗೆ ಹೋಗಲೇಬೇಕು. ಬಸಿದು ಒಣಗಿದ ದೇಹ ಬಂದದ್ದನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ರಾತ್ರಿ ತೂಕ 50ರ ಮೇಲೆ ಸುಮಾರು 2.7 ಕಿಲೊ ಹೆಚ್ಚಿತ್ತೆಂದು ವರದಿಯಾಗಿತ್ತು. ಬೆವರು ಒಂದು ಹಂತದ ನಂತರ ಬರುವುದೇ ನಿಲ್ಲುತ್ತದೆ. ಕೂದಲು ಕತ್ತರಿಸಿದರೂ ಸಾಲಲಿಲ್ಲ.

ಎರಡು ದಿನದ ನಂತರ ಅದೇ ಊರಿನಲ್ಲಿ 57 ಕೆ.ಜಿ. ವರ್ಗದ ಅಮನ್ ಸೆಹ್ರಾವತ್ ಸೆಮಿಫೈನಲ್ ಸೋತಾಗ 61.5 ಕೆ.ಜಿ. ಇದ್ದರು. ಮ್ಯಾಟ್ ಮೇಲೆ ಕಸರತ್ತು, ಬಿಸಿನೀರಿನ ಸ್ನಾನ, ಟ್ರೆಡ್‌ಮಿಲ್, ಸೌನಾ ಎಂದು ಸುಮಾರು ಹತ್ತು ಗಂಟೆಯಲ್ಲಿ 4.6 ಕಿಲೊ ಇಳಿಸಿ ಕಂಚಿನ ಪಂದ್ಯವನ್ನು 13-5ರಿಂದ ಗೆದ್ದರು. ಇದನ್ನು ಸಾಹಸವೆಂದು ಮೆಚ್ಚಿ ಮಾದರಿಯೆಂದು ಹಿಡಿಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಜಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರೇ 1.7 ಕಿಲೊ ಹೆಚ್ಚಾಗಿ ಅನರ್ಹಗೊಂಡರು.

ಪ್ರಶ್ನೆ: ನಮ್ಮ ಗರಡಿಯ ಹುಡುಗರು ರಾಜ್ಯಮಟ್ಟದ ಕುಸ್ತಿಗೆ ಹೋಗುವ ವಾರ ಊಟ ಬಿಟ್ಟು, ರೇನ್‌ಕೋಟ್ ಹಾಕಿಕೊಂಡು ಓಡುತ್ತಾರೆ. ಸರಿಯಾದ ಕ್ರಮ ಯಾವುದು? (ಧಾರವಾಡ)

ರೇನ್‌ಕೋಟ್ ಇವತ್ತೇ ನಿಲ್ಲಿಸಿ. ಬೆಳೆಯುವ ಹುಡುಗರಿಗೆ ಅದು ಬಿಸಿಲಾಘಾತಕ್ಕೆ ದಾರಿ. ಮೂತ್ರ ಹೆಚ್ಚಿಸುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲೇ ಇವೆ. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕೊಡುವಂತಿಲ್ಲ.

ತೂಕ ಇಳಿಸುವುದೇ ಆದರೆ ವಾರಕ್ಕೆ ಅರ್ಧ ಕಿಲೊ, ಹೆಚ್ಚೆಂದರೆ ಒಂದು ಕಿಲೊ. ಅಂದರೆ ಮೂರು ಕಿಲೊಗೆ ಒಂದು ತಿಂಗಳಾದರೂ ಬೇಕು. ಕೂಟಕ್ಕೆ ಮೂರು ವಾರ ಇರುವಾಗ ಒಂದು 'ತಾಲೀಮು ಕೂಟ' ನಡೆಸಿ. ಬೆಳಿಗ್ಗೆ ತೂಕ ನೋಡಿ, ಮೂರು ಕುಸ್ತಿ ಆಡಿಸಿ, ನಡುವೆ ಕೂಟದ ದಿನ ಏನು ತಿನ್ನಿಸುತ್ತೀರೋ ಅದನ್ನೇ ತಿನ್ನಿಸಿ. ಕೊನೆಯ ಕುಸ್ತಿಯ ನಂತರ, ಮಲಗುವ ಮೊದಲು, ಮರುದಿನ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಹೀಗೆ ಪ್ರತಿ ಹಂತದ ತೂಕವನ್ನೂ ಪುಸ್ತಕದಲ್ಲಿ ಬರೆದಿಡಿ. ನಿದ್ದೆಯಲ್ಲಿ ಉಸಿರು, ಬೆವರು, ಮೂತ್ರದ ಮೂಲಕ ಹೋಗುವ ತೂಕ ಹುಡುಗನಿಂದ ಹುಡುಗನಿಗೆ ಬೇರೆ. ಅರ್ಧದಿಂದ ಒಂದು ಕಿಲೊ ಸಾಮಾನ್ಯ. ನಿಮ್ಮ ಹುಡುಗನದು 700 ಗ್ರಾಂ ಎಂದುಕೊಳ್ಳಿ. ಸಂಜೆ ಹಗುರ ವ್ಯಾಯಾಮದಲ್ಲಿ 500 ಗ್ರಾಂ ಬೆವರು ಸುರಕ್ಷಿತವಾಗಿ ಇಳಿಯುತ್ತದೆ ಎಂದರೆ, 57 ಕೆ.ಜಿ. ವರ್ಗದವನು ಕೊನೆಯ ಕುಸ್ತಿ ಮುಗಿದಾಗ 58.2 ದಾಟಿರಬಾರದು. ದಿನವಿಡೀ ಎಷ್ಟು ನೀರು ಕುಡಿಯಬಹುದು ಎಂಬುದು ಈ ಲೆಕ್ಕದಿಂದ ಹೊರಡುತ್ತದೆ. ಬಾಯಾರಿಕೆಯನ್ನೇ ತಡೆಯಬೇಕಾದ ಸ್ಥಿತಿ ಬಂದರೆ ಅವನು ತಪ್ಪು ವರ್ಗದಲ್ಲಿದ್ದಾನೆ ಎಂದರ್ಥ. ಮೇಲಿನ ವರ್ಗಕ್ಕೆ ಹಾಕಿ.

ಗಟ್ಟಿ ನೆಲದ ಮೇಲೆ ಒಂದೇ ತಕ್ಕಡಿ ಬಳಸಿ, ವಾರಕ್ಕೊಮ್ಮೆ ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿ. ಕೂಟದ ಜಾಗ ಮುಟ್ಟಿದ ಕೂಡಲೇ ಅಲ್ಲಿನ ತಕ್ಕಡಿಗೂ ನಿಮ್ಮದಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ ಹಿಂದಿನ ದಿನ ಬೇಡ. ಉಪ್ಪು ನೀರನ್ನು ಹಿಡಿದಿಡುತ್ತದೆ. ತೂಕ ಮುಗಿದ ಮೇಲೆ ಓಆರ್‌ಎಸ್, ಬಾಳೆಹಣ್ಣು, ಅನ್ನ ಸ್ವಲ್ಪ ಸ್ವಲ್ಪವಾಗಿ ಕೊಡಿ. ಒಂದೇ ಸಲ ಲೀಟರ್‌ಗಟ್ಟಲೆ ಕುಡಿಸಿದರೆ ಮೊದಲ ಕುಸ್ತಿಯಲ್ಲೇ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಮನು ಭಾಕರ್ 0.1 ಅಂಕದಿಂದ ಬೆಳ್ಳಿ ಕಳೆದುಕೊಂಡರು ಎನ್ನುತ್ತಾರೆ. ಆ 0.1 ಎಂದರೆ ಎಷ್ಟು? (ಮಂಗಳೂರು)

10 ಮೀಟರ್ ಏರ್ ಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್. ಅಲ್ಲಿಂದ ಹೊರಗೆ ಒಂದೊಂದು ಅಂಕಕ್ಕೂ 8 ಮಿ.ಮೀ. ಹಾಗಾಗಿ 0.1 ಎಂದರೆ 0.8 ಮಿ.ಮೀ., ಒಂದು ಮಿಲಿಮೀಟರಿಗೂ ಕಡಿಮೆ. ಅದೂ ಒಂದು ಗುಂಡಿನದಲ್ಲ, 22 ಗುಂಡುಗಳ ಒಟ್ಟು ವ್ಯತ್ಯಾಸ.

ಪ್ಯಾರಿಸ್‌ನಲ್ಲಿ ಫೈನಲ್ ನಡೆದದ್ದು ಹೀಗೆ: ಎಂಟು ಮಂದಿ, ಐದೈದು ಗುಂಡಿನ ಎರಡು ಸುತ್ತು, ನಂತರ ಒಂದೊಂದೇ ಗುಂಡು, ಪ್ರತಿಯೊಂದಕ್ಕೂ 50 ಸೆಕೆಂಡ್. 12 ಗುಂಡಿನ ನಂತರ ಎಂಟನೆಯವರು ಹೊರಗೆ, ಆಮೇಲೆ ಪ್ರತಿ ಎರಡು ಗುಂಡಿಗೊಬ್ಬರು. 22 ಗುಂಡಿಗೆ ಮನು 221.7, ಕೊರಿಯಾದ ಕಿಮ್ ಯೆಜಿ 221.8. ಅಲ್ಲಿಗೆ ಮನು ಕಂಚಿಗೆ ನಿಂತರು. 2012ರ ಲಂಡನ್ ನಂತರ ಶೂಟಿಂಗ್‌ನಲ್ಲಿ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು.

ಇದಕ್ಕಿಂತ ಕಲಿಯಬೇಕಾದ ಪಾಠ ಸರಬ್ಜೋತ್ ಸಿಂಗ್ ಅವರದು, ಆದರೆ ಅದರ ಮಾತು ಕಡಿಮೆ. ಅರ್ಹತಾ ಸುತ್ತಿನಲ್ಲಿ 60 ಗುಂಡು, ಅಲ್ಲಿ ಪಿಸ್ತೂಲಿಗೆ ದಶಾಂಶ ಇಲ್ಲ. ಅವರು 577 ಗಳಿಸಿದರು. ಎಂಟನೇ ಸ್ಥಾನದ ಜರ್ಮನಿಯ ರಾಬಿನ್ ವಾಲ್ಟರ್ ಅವರದೂ 577. ಸಮವಾದಾಗ ಹತ್ತರ ಒಳವೃತ್ತಕ್ಕೆ ಬಿದ್ದ ಗುಂಡುಗಳನ್ನು ಎಣಿಸುತ್ತಾರೆ. ಜರ್ಮನಿಯವರಿಗೆ 17, ಸರಬ್ಜೋತ್‌ಗೆ 16. ಫೈನಲ್ ತಪ್ಪಿತು. ಮೂರೇ ದಿನದಲ್ಲಿ ಅವರು ಮನು ಜೊತೆ ಮಿಶ್ರ ತಂಡದಲ್ಲಿ ಕೊರಿಯಾವನ್ನು 16-10ರಿಂದ ಸೋಲಿಸಿ ಕಂಚು ಗೆದ್ದರು. ಅಭ್ಯಾಸದಲ್ಲಿ ಒಟ್ಟು ಅಂಕವನ್ನಷ್ಟೇ ಬರೆದಿಡುವ ಎಳೆಯ ಶೂಟರ್‌ಗಳು ಒಳಹತ್ತುಗಳನ್ನೂ ಬೇರೆ ಕಾಲಂನಲ್ಲಿ ಬರೆಯಬೇಕು. 'ಹತ್ತಾಯಿತಲ್ಲ, ಸಾಕು' ಎಂಬ ಮನಸ್ಸು ಅಲ್ಲಿಯೇ ಸರಿಹೋಗುತ್ತದೆ.

ಪ್ರಶ್ನೆ: ಬ್ರಿಟನ್ ವಿರುದ್ಧ ಹತ್ತೇ ಜನರಲ್ಲಿ ಗೆದ್ದ ಹಾಕಿ ತಂಡ, ಹನ್ನೊಂದು ಜನರಿದ್ದೂ ಜರ್ಮನಿಗೆ ಸೋತದ್ದೇಕೆ? (ಪೊನ್ನಂಪೇಟೆ)

ಕೊಡಗಿನಿಂದ ಬಂದ ಪ್ರಶ್ನೆ, ಹಾಗಾಗಿ ಆಟದ ಮೂಲಪಾಠ ಬೇಕಿಲ್ಲ. ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತು ಮಂದಿ ಆಡಿ 1-1ರಲ್ಲಿ ಹಿಡಿದರು, ಶೂಟೌಟ್‌ನಲ್ಲಿ 4-2. ಆದರೆ ಕೆಂಪು ಕಾರ್ಡಿನ ಬೆಲೆ ಅಲ್ಲಿಗೆ ಮುಗಿಯಲಿಲ್ಲ; ಮುಂದಿನ ಒಂದು ಪಂದ್ಯಕ್ಕೆ ನಿಷೇಧವೂ ಬಂತು.

ರೋಹಿದಾಸ್ ಬರೀ ಡಿಫೆಂಡರ್ ಅಲ್ಲ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲುಗೆರೆಯಿಂದ ಡ್ರ್ಯಾಗ್ ಫ್ಲಿಕ್ಕರ್ (ಚೆಂಡನ್ನು ಕೋಲಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವರು) ಮೇಲೆ ನೇರ ನುಗ್ಗುವ ಮೊದಲ ರಷರ್ ಅವರೇ. ಚೆಂಡು ತಳ್ಳಿದ ಕ್ಷಣ ಹೊರಟು, ಫ್ಲಿಕ್ಕರನ ಕೋಲಿನ ದಾರಿಗೆ ಮೈಯೊಡ್ಡುವ ಕೆಲಸ. ಅವರು ಒಂದು ಬದಿ ಮುಚ್ಚಿದರೆ ಗೋಲ್‌ಕೀಪರ್ ಇನ್ನೊಂದು ಬದಿ ನೋಡಿಕೊಳ್ಳುತ್ತಾರೆ. ಶ್ರೀಜೇಶ್ ಜೊತೆ ಈ ಹೊಂದಾಣಿಕೆ ವರ್ಷಗಳಿಂದ ಕುದುರಿದ್ದು. ಸೆಮಿಫೈನಲ್‌ನಲ್ಲಿ 18ನೇ ನಿಮಿಷಕ್ಕೆ ಗೊಂಜಾಲೊ ಪೀಯಟ್ ಪೆನಾಲ್ಟಿ ಕಾರ್ನರ್‌ನಿಂದಲೇ ಸಮ ಮಾಡಿದರು. ನಮ್ಮ ಕಡೆಗೂ ಹರ್ಮನ್‌ಪ್ರೀತ್ ನಂತರದ ಫ್ಲಿಕ್ಕರ್ ರೋಹಿದಾಸ್ ಆಗಿದ್ದರಿಂದ ಜರ್ಮನಿಯ ರಷರ್‌ಗಳಿಗೆ ಯಾರ ಮೇಲೆ ನುಗ್ಗಬೇಕೆಂಬ ಗೊಂದಲವೇ ಇರಲಿಲ್ಲ. 54ನೇ ನಿಮಿಷದ ಗೋಲಿನಿಂದ 2-3.

ಆದರೂ ಈ ತಂಡ ಗುಂಪಿನಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿತು. ಒಲಿಂಪಿಕ್ಸ್‌ನಲ್ಲಿ 1972ರ ನಂತರ ಅದೇ ಮೊದಲು. ಸ್ಪೇನ್ ವಿರುದ್ಧ ಕಂಚಿನ ಪಂದ್ಯದ ಎರಡೂ ಗೋಲು ಹರ್ಮನ್‌ಪ್ರೀತ್ ಅವರ ಪೆನಾಲ್ಟಿ ಕಾರ್ನರ್‌ಗಳಿಂದ. ಕೂಟದಲ್ಲಿ ಅವರ ಗೋಲುಗಳೆಲ್ಲ ಸೇರಿ ಹತ್ತು. ಒಬ್ಬರ ಮಣಿಕಟ್ಟಿನ ಮೇಲೆ ತಂಡ ಇಷ್ಟು ನಿಂತಿರುವುದು ನಮಗಂತೂ ಕಳವಳದ ವಿಷಯ. ಓಡುವ ಆಟದಲ್ಲಿ ಬರುವ ಗೋಲು ಹೆಚ್ಚದೆ ಕಂಚಿನಿಂದ ಮೇಲೇರುವುದು ಕಷ್ಟ.

ಪ್ರಶ್ನೆ: ಜಾವೆಲಿನ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಆರು ಎಸೆತಗಳಲ್ಲಿ ಐದು ಫೌಲ್ ಮಾಡಿದ್ದೇಕೆ? (ತುಮಕೂರು)

ಎರಡನೇ ಎಸೆತದ 89.45 ಮೀಟರ್ ಒಂದೇ ದಾಖಲಾಯಿತು. ಅದಕ್ಕೆ ತುಸು ಮೊದಲು ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದು, 2008ರಿಂದ ಇದ್ದ 90.57ರ ಒಲಿಂಪಿಕ್ ದಾಖಲೆಯನ್ನು ಮುರಿದಿದ್ದರು. ಆವರೆಗಿನ ನೀರಜ್ ಅವರ ಜೀವಮಾನಶ್ರೇಷ್ಠ 89.94. ಚಿನ್ನಕ್ಕೆ ಅದಕ್ಕಿಂತಲೂ ಮೂರು ಮೀಟರ್ ಹೆಚ್ಚು ಬೇಕಿತ್ತು. ಆಗ ಎಸೆತಗಾರ ಮಾಡುವುದು ಒಂದೇ, ಓಟದ ವೇಗ ಹೆಚ್ಚಿಸುವುದು. ವೇಗ ಹೆಚ್ಚಿದರೆ ಹೆಜ್ಜೆ ಉದ್ದವಾಗುತ್ತದೆ. ಹೆಜ್ಜೆಗೆ 5 ಸೆಂಟಿಮೀಟರ್ ಹೆಚ್ಚಾದರೂ 14 ಹೆಜ್ಜೆಗೆ 70 ಸೆಂ.ಮೀ. ಗೆರೆಗೆ ಹತ್ತಿರ. ನೀರಜ್ ಎಸೆದ ಮೇಲೆ ಮುಂದಕ್ಕೆ ಬೀಳುವ ಶೈಲಿಯವರು, ನಿಲ್ಲಲು ಜಾಗ ಬೇಕು. ಜೊತೆಗೆ ತೊಡೆಸಂದಿನ ನೋವು. ಓಟವನ್ನು ತಡೆದು ನಿಲ್ಲಿಸುವ ಎಡಗಾಲಿಗೆ ಪೂರ್ತಿ ಭಾರ ಹಾಕಲು ಮನಸ್ಸು ಹೆದರುತ್ತದೆ. ಎಸೆತ ಚೆನ್ನಾಗಿಲ್ಲವೆಂದು ಕೈಬಿಟ್ಟ ಕ್ಷಣದಲ್ಲೇ ಗೊತ್ತಾದಾಗ ಬೇಕೆಂದೇ ಗೆರೆ ದಾಟುವುದೂ ಜಾವೆಲಿನ್‌ನಲ್ಲಿ ಮಾಮೂಲು.

2025ರ ಮೇನಲ್ಲಿ ದೋಹಾದಲ್ಲಿ ಅವರು 90.23 ಎಸೆದರು. ಆ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋದವರು ಅವರ ಕೊನೆಯ ಎರಡು ಹೆಜ್ಜೆಗಳನ್ನು ಹತ್ತಿರದಿಂದ ಕಂಡಿರುತ್ತೀರಿ. ನೋಡಬೇಕಾದದ್ದು ಅದನ್ನೇ.

ಪ್ರಶ್ನೆ: ನಾಲ್ಕನೇ ಸ್ಥಾನಗಳಲ್ಲಿ ಅತಿ ಹತ್ತಿರದ್ದು ಯಾವುದು? (ಶಿವಮೊಗ್ಗ)

ಸ್ಕೀಟ್ (ಹಾರುಬಿಲ್ಲೆಗೆ ಗುಂಡು ಹೊಡೆಯುವ ಶೂಟಿಂಗ್) ಮಿಶ್ರ ತಂಡ: ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಚೀನಾಕ್ಕೆ 43-44ರಿಂದ ಸೋತರು. ಒಂದು ಹಾರುಬಿಲ್ಲೆ. ಮನು ಅವರದೇ 25 ಮೀಟರ್ ಪಿಸ್ತೂಲು ಶೂಟ್‌ಆಫ್‌ಗೆ ಹೋಯಿತು. ಐದರಲ್ಲಿ ಅವರದು 3, ಹಂಗೆರಿಯ ಮಾಯೊರ್ ಅವರದು 4.

ವೇಟ್‌ಲಿಫ್ಟಿಂಗ್‌ನ ಮೀರಾಬಾಯಿ ಚಾನು ಅವರದು ಒಂದು ಕಿಲೊ. ಒಟ್ಟು 199, ಕಂಚು ಹೋದದ್ದು 200ಕ್ಕೆ. ಅಂಕಿಗಳನ್ನು ಸಾಲಾಗಿ ಓದಿದರೆ ಎಡವಿದ ಜಾಗ ಕಾಣುತ್ತದೆ. ಸ್ನ್ಯಾಚ್‌ನಲ್ಲಿ (ಒಂದೇ ಎತ್ತಿಗೆ ತಲೆಯ ಮೇಲೆ) 85 ಎತ್ತಿದರು, 88 ತಪ್ಪಿತು, ಮತ್ತೆ 88 ಎತ್ತಿದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ) 111 ತಪ್ಪಿತು, ಮತ್ತೆ 111 ಎತ್ತಿದರು, 114 ತಪ್ಪಿತು. ಪ್ರತಿ ವಿಭಾಗಕ್ಕೆ ಮೂರೇ ಅವಕಾಶ. ತಪ್ಪಿದ್ದನ್ನೇ ಮತ್ತೆ ಎತ್ತಲು ಎರಡು ಅವಕಾಶ ಖರ್ಚಾದ್ದರಿಂದ ಏರಲು ಮೆಟ್ಟಿಲು ಉಳಿಯಲಿಲ್ಲ.

ಬ್ಯಾಡ್ಮಿಂಟನ್‌ನ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ 21-13ರಿಂದ ಗೆದ್ದು, ಎರಡನೆಯದರಲ್ಲಿ 8-3 ಮುಂದಿದ್ದರು. ಅಲ್ಲಿ ಎದುರಾಳಿ ಲೀ ಝಿ ಜಿಯಾ ಸತತ ಒಂಬತ್ತು ಅಂಕ ಗಳಿಸಿದರು. ಸೆಮಿಫೈನಲ್‌ನಲ್ಲೂ ಆಕ್ಸೆಲ್ಸೆನ್ ವಿರುದ್ಧ ಮೊದಲ ಗೇಮ್‌ನಲ್ಲಿ 20-17 ಇದ್ದದ್ದು 20-22 ಆಗಿತ್ತು. ಮುನ್ನಡೆಯಲ್ಲಿರುವಾಗ ಎದುರಾಳಿ ಆಟದ ಗತಿ ಬದಲಿಸಿದರೆ ಸರ್ವ್ ನಿಧಾನಿಸಿ, ರ‍್ಯಾಲಿ ಉದ್ದ ಮಾಡಿ ಆ ಓಟವನ್ನು ಮೂರು ನಾಲ್ಕು ಅಂಕಕ್ಕೆ ಕತ್ತರಿಸಬೇಕು. ಅವರು ಆಕ್ರಮಣದಲ್ಲೇ ಮುಂದುವರಿದರು. ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಈ ಆಟಗಾರನ ಕೈಚಳಕಕ್ಕೆ ಕೊರತೆ ಇಲ್ಲ.

ಪ್ರಶ್ನೆ: ಒಂದೇ ಪದಕದ ಪಾಕಿಸ್ತಾನ ಆರು ಪದಕದ ನಮಗಿಂತ ಮೇಲೆ ಹೇಗೆ? (ರಾಯಚೂರು)

ಪಟ್ಟಿ ಮಾಡುವಾಗ ಮೊದಲು ಚಿನ್ನ ನೋಡುತ್ತಾರೆ, ಸಮವಾದರೆ ಬೆಳ್ಳಿ, ಆಮೇಲೆ ಕಂಚು. ಅವರದು ಒಂದು ಚಿನ್ನ, 62ನೇ ಸ್ಥಾನ. ನಮ್ಮದು ಸೊನ್ನೆ ಚಿನ್ನ, 71. ಟೋಕಿಯೊದಲ್ಲಿ ಒಂದು ಚಿನ್ನವಿದ್ದುದರಿಂದ ಏಳು ಪದಕಕ್ಕೆ 48 ಸಿಕ್ಕಿತ್ತು.

ಪ್ರಶ್ನೆ: ಹದಿನಾಲ್ಕು ವರ್ಷದ ಧಿನಿಧಿ ಆಯ್ಕೆಯಾದದ್ದು ಯಾವ ಆಧಾರದ ಮೇಲೆ? ಕರ್ನಾಟಕದ ಉಳಿದವರ ಸಾಧನೆ ಹೇಗಿತ್ತು? (ಬೆಂಗಳೂರು)

ಈಜಿನಲ್ಲಿ ಒಂದು ದೇಶದ ಯಾರೊಬ್ಬರೂ ಒಲಿಂಪಿಕ್ ಅರ್ಹತಾ ಸಮಯ ಮುಟ್ಟದಿದ್ದರೆ ಆ ದೇಶದ ಒಬ್ಬ ಪುರುಷ, ಒಬ್ಬ ಮಹಿಳೆಗೆ ಸಾರ್ವತ್ರಿಕ ಕೋಟಾದಲ್ಲಿ ಅವಕಾಶವಿದೆ. ಧಿನಿಧಿ ದೇಸಿಂಗು, ಶ್ರೀಹರಿ ನಟರಾಜ್ ಇಬ್ಬರೂ ಹೋದದ್ದು ಹೀಗೆ. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಧಿನಿಧಿ ತಮ್ಮ ಹೀಟ್‌ನಲ್ಲಿ ಮೊದಲಿಗರಾಗಿ 2 ನಿಮಿಷ 6.96 ಸೆಕೆಂಡ್ ತೆಗೆದುಕೊಂಡರು. ಒಟ್ಟಾರೆ 23ನೇ ಸ್ಥಾನ, ಸೆಮಿಫೈನಲ್‌ಗೆ ಹೋಗುವವರು 16 ಮಂದಿ. ಆ ವಯಸ್ಸಿಗೆ ಇದು ಗೌರವದ ಫಲಿತಾಂಶ. ಮುಂದಿನ ಸಲ ಅರ್ಹತಾ ಸಮಯವನ್ನೇ ಮುಟ್ಟಿ ಹೋಗುವುದು ಗುರಿಯಾಗಬೇಕು.

ಕೊಡಗಿನ ರೋಹನ್ ಬೋಪಣ್ಣ, ಶ್ರೀರಾಮ್ ಬಾಲಾಜಿ ಜೊತೆ ಟೆನಿಸ್ ಡಬಲ್ಸ್‌ನ ಮೊದಲ ಸುತ್ತಿನಲ್ಲೇ ಸೋತು ದೇಶದ ಪರ ಆಟ ಮುಗಿಸಿದರು. ಬ್ಯಾಡ್ಮಿಂಟನ್‌ನಲ್ಲಿ ಅಶ್ವಿನಿ ಪೊನ್ನಪ್ಪ, ತನಿಶಾ ಕ್ರಾಸ್ಟೊ ಜೋಡಿ ಗುಂಪಿನ ಮೂರೂ ಪಂದ್ಯ ಸೋತಿತು. ಟೋಕಿಯೊದಲ್ಲಿ ನಾಲ್ಕನೆಯವರಾಗಿದ್ದ ಅದಿತಿ ಅಶೋಕ್ ಗಾಲ್ಫ್‌ನಲ್ಲಿ 29ಕ್ಕೆ ನಿಂತರು. ಟೇಬಲ್ ಟೆನಿಸ್ ಮಹಿಳಾ ತಂಡ ಜರ್ಮನಿಗೆ 1-3ರಿಂದ ಸೋತ ಕ್ವಾರ್ಟರ್‌ಫೈನಲ್‌ನಲ್ಲಿ ಆ ಒಂದು ಗೆಲುವು ನಮ್ಮ ಅರ್ಚನಾ ಕಾಮತ್ ಅವರದು.

ಪ್ರಶ್ನೆ: 2026ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಪದಕಗಳನ್ನು ಹೇಗೆ ಓದಬೇಕು? (ವಿಜಯಪುರ)

ಬರ್ಮಿಂಗ್‌ಹ್ಯಾಮ್‌ನ 61ರ ಪಕ್ಕದಲ್ಲಿಟ್ಟು ಓದಬೇಡಿ. ಗ್ಲಾಸ್ಗೊ ಹತ್ತೇ ಕ್ರೀಡೆಗಳ ಕೂಟ. ಕುಸ್ತಿ, ಹಾಕಿ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಶೂಟಿಂಗ್ ಯಾವುದೂ ಅದರಲ್ಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕುಸ್ತಿಯೊಂದರಿಂದಲೇ 12 ಪದಕ ಬಂದಿದ್ದವು. ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್, ಬಾಕ್ಸಿಂಗ್‌ನ ಅಂಕಿಗಳನ್ನು ಮಾತ್ರ ಹೋಲಿಸಿ. ಪದಕಕ್ಕಿಂತ ಮೊದಲು ಸಮಯ, ದೂರ, ಎತ್ತಿದ ಕಿಲೊಗಳನ್ನು ನೋಡಿ. ಉಳಿದ ಆಟಗಳ ಲೆಕ್ಕಕ್ಕೆ ಅದೇ ವರ್ಷ ಸೆಪ್ಟೆಂಬರ್ 19ರಿಂದ ಜಪಾನಿನ ಐಚಿ-ನಗೋಯಾ ಏಷ್ಯನ್ ಕೂಟವಿದೆ.